ಏಳು ಗಂಟೆಯ ಮೇಲಿನ ಕಾಲೇಜು

ನನ್ನ ಕಪಾಟಿನಲ್ಲಿ ಎಂ. ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರವನ್ನು ಪರಿಚಯಿಸಿ ಇಂಗ್ಲಿಷಿನಲ್ಲಿ ಬರೆದ ಗ್ರಂಥದ ಹಳೆಯ ಪ್ರತಿಯೊಂದಿದೆ. ಶಿವಮೊಗ್ಗದ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಹಿಂದೆ ರದ್ದಿ ಪುಸ್ತಕ ಮಾರುತ್ತಿದ್ದವರೊಬ್ಬರ ರಾಶಿಯಲ್ಲಿ, ಪಿಯುಸಿ ಗೈಡುಗಳ ಅಡಿಯಲ್ಲಿ ಸಿಕ್ಕಿದ್ದು. ಪ್ರತಿ ವರ್ಷ ಆಷಾಢದ ಹೊತ್ತಿಗೆ ಅದರ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಪ್ರತಿ ವರ್ಷವೂ ಒಣಬಟ್ಟೆಯಿಂದ ಒರೆಸಿ, ಬಚ್ಚಲೊಲೆಯ ಬಿಸಿ ತಾಗುವಷ್ಟು ದೂರದಲ್ಲಿ ಕೆಲವು ದಿನ ಇಟ್ಟು, ಮತ್ತೆ ಕಪಾಟಿಗೆ ಸೇರಿಸುತ್ತೇನೆ. ಪುಸ್ತಕ ಮೊದಲು ಅಚ್ಚಾದದ್ದು 1932ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಹೇಳಿದವರ ಪುಸ್ತಕವನ್ನು ಪ್ರಕಟಿಸಿದವರು ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್. ಬೆನ್ನಿನ ಮೇಲಿನ ಆ ಹೆಸರನ್ನು ಎಷ್ಟು ಸಲ ಒರೆಸಿದ್ದೆನೋ. ಜಾರ್ಜ್ ಅಲೆನ್ ಯಾರೆಂದು ಕೇಳಿಕೊಳ್ಳಬೇಕು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಆತ ಒಬ್ಬ ಬಡಗಿ. 1832ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ತನ್ನ ಸೋದರಮಾವನ ಕೈಕೆಳಗೆ ಮರಗೆಲಸ ಕಲಿತು, ಸಿರಿವಂತರ ಮನೆಗಳ ಬಾಗಿಲು ಕಿಟಕಿಗಳನ್ನು ಮಾಡುತ್ತಿದ್ದವನು. ದಿನದ ಕೆಲಸ ಮುಗಿಸಿ, ಕೈಗೆ ಮೆತ್ತಿದ ಮರದ ಹೊಟ್ಟನ್ನು ತೊಳೆದುಕೊಂಡು, ಸಂಜೆ ಚಿತ್ರ ಬರೆಯುವುದನ್ನು ಕಲಿಯಲು ಒಂದು ಕಾಲೇಜಿಗೆ ಹೋಗುತ್ತಿದ್ದ. ಅಲ್ಲಿ ಅವನಿಗೆ ಪಾಠ ಹೇಳಿದವರು ಇಂಗ್ಲೆಂಡಿನ ಹೆಸರಾಂತ ಲೇಖಕ, ಕಲಾವಿಮರ್ಶಕ ಜಾನ್ ರಸ್ಕಿನ್. ಮುಂದೆ ಆತ ರಸ್ಕಿನ್ನರ ಸಹಾಯಕನಾದ, ಅವರ ಚಿತ್ರಗಳನ್ನು ಲೋಹದ ಫಲಕಕ್ಕೆ ಕೆತ್ತುವ ಕುಶಲಕರ್ಮಿಯಾದ, 1871ರ ಹೊತ್ತಿಗೆ ಅವರ ಪುಸ್ತಕಗಳ ಪ್ರಕಾಶಕನೇ ಆದ. 1907ರಲ್ಲಿ ತೀರಿಕೊಂಡ ಆತನ ಹೆಸರು ಸಂಸ್ಥೆಯ ಮೇಲೆ ಉಳಿದುಕೊಂಡು, ಮೈಸೂರಿನ ಪ್ರಾಧ್ಯಾಪಕರೊಬ್ಬರ ಪುಸ್ತಕದ ಮೂಲಕ ಗಾಂಧಿ ಬಜಾರಿನ ರದ್ದಿ ರಾಶಿಯವರೆಗೂ ಬಂದಿತ್ತು.

ಇದನ್ನು ನಾನು ತಿಳಿದದ್ದು ಮೂರು ವರ್ಷದ ಹಿಂದೆ, ಮಗಳ ಮನೆಯಲ್ಲಿ ಎರಡು ತಿಂಗಳಿರಲು ಲಂಡನ್ನಿಗೆ ಹೋಗಿದ್ದಾಗ. ಅವಳದು ಅಲ್ಲಿ ಸಾಫ್ಟ್‌ವೇರ್ ಕೆಲಸ. ಮನೆ ಇರುವುದು ನಗರದ ಉತ್ತರ ಭಾಗದ ಕ್ಯಾಮ್ಡೆನ್ ಎಂಬಲ್ಲಿ. ಬೆಳಿಗ್ಗೆ ಅವಳು ಕೆಲಸಕ್ಕೆ ಕುಳಿತ ಮೇಲೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲವಾದ್ದರಿಂದ ಸುಮ್ಮನೆ ನಡೆಯುತ್ತಿದ್ದೆ. ಮಾರ್ನಿಂಗ್ಟನ್ ಕ್ರೆಸೆಂಟ್ ನಿಲ್ದಾಣದಿಂದ ಪೂರ್ವಕ್ಕೆ ಹೋಗುವ ಕ್ರೌನ್‌ಡೇಲ್ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡವೊಂದು ಸಿಗುತ್ತದೆ. ‘ವರ್ಕಿಂಗ್ ಮೆನ್ಸ್ ಕಾಲೇಜ್’ ಎಂಬುದು ಅದರ ಮೂಲ ಹೆಸರು. ದುಡಿಯುವ ಗಂಡಸರ ಕಾಲೇಜು. ಸಂಜೆಯ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದವರಲ್ಲಿ ನನಗೆ ಕಂಡವರು ಹೆಚ್ಚಾಗಿ ಹೆಂಗಸರು. ತಲೆವಸ್ತ್ರ ಹೊದ್ದವರು, ಮಗುವಿನ ತಳ್ಳುಗಾಡಿಯನ್ನು ಮಡಿಸಿ ಕಂಕುಳಲ್ಲಿ ಹಿಡಿದವರು, ನಮ್ಮ ಕಡೆಯ ಮುಖದವರು. ಇಂಗ್ಲಿಷ್ ಕಲಿಯಲು ಬರುವವರು ಅವರು ಎಂದು ಮಗಳು ಹೇಳಿದಳು. ಹೆಸರಿಗೂ ಬಾಗಿಲಿಗೂ ಹೊಂದದ ಆ ಸಂಗತಿಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ನಾನೂ ಒಂದು ಕಾಲದಲ್ಲಿ ರಾತ್ರಿಯ ಹೊತ್ತು ಹೆಂಗಸರಿಗೆ ಅಕ್ಷರ ಹೇಳಿಕೊಟ್ಟವನು. ಆ ಕಥೆಗೆ ಆಮೇಲೆ ಬರುತ್ತೇನೆ.

ಕಾಲೇಜಿನ ಬೇರು 1848ರಲ್ಲಿದೆ. ಆ ವರ್ಷ ಯೂರೋಪಿನ ಅನೇಕ ರಾಜಧಾನಿಗಳಲ್ಲಿ ಬಂಡಾಯ. ಲಂಡನ್ನಿನಲ್ಲಿ ಕೂಲಿಕಾರರು ಮತದಾನದ ಹಕ್ಕು ಕೇಳಿ ಕೆನ್ನಿಂಗ್ಟನ್ ಮೈದಾನದಲ್ಲಿ ಸೇರಿದರು. ಚಾರ್ಟಿಸ್ಟರೆಂದು ಹೆಸರಾದ ಆ ಜನರನ್ನು ಕಂಡು ಹೆದರಿದವರೇ ಹೆಚ್ಚು. ಹೆದರುವ ಬದಲು ಯೋಚಿಸಿದ ಸಣ್ಣ ಗುಂಪೊಂದು, ಫ್ರೆಡರಿಕ್ ಡೆನಿಸನ್ ಮಾರಿಸ್ ಎಂಬ ಪಾದ್ರಿಯ ಸುತ್ತ ಸೇರಿಕೊಂಡಿತು. ತಮ್ಮನ್ನು ಕ್ರೈಸ್ತ ಸಮಾಜವಾದಿಗಳೆಂದು ಕರೆದುಕೊಂಡ ಇವರು ದರ್ಜಿಗಳ ಸಹಕಾರ ಸಂಘಗಳನ್ನು ಕಟ್ಟಲು ಹೊರಟರು, ಮತ್ತು ಪೊಲೀಸರೂ ಒಂಟಿಯಾಗಿ ಕಾಲಿಡಲು ಹಿಂಜರಿಯುತ್ತಿದ್ದ ಲಿಟಲ್ ಆರ್ಮಂಡ್ ಯಾರ್ಡ್ ಎಂಬ ಕೇರಿಯಲ್ಲಿ ಒಂದು ರಾತ್ರಿ ಶಾಲೆ ತೆರೆದರು. ಸಹಕಾರ ಸಂಘಗಳು ಬಹುಬೇಗ ಮುಗ್ಗರಿಸಿದವು. ರಾತ್ರಿ ಶಾಲೆಯ ಆಸೆ ಮಾತ್ರ ಉಳಿಯಿತು.

ಆಗ ಮಾರಿಸ್ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಪಾಪಿಗಳಿಗೆ ಕೊನೆಯೇ ಇಲ್ಲದ ನರಕಶಿಕ್ಷೆ ಇದೆ ಎಂಬ ಮಾತನ್ನು ಅವರು ಒಪ್ಪದೆ ಬರೆದದ್ದಕ್ಕಾಗಿ 1853ರಲ್ಲಿ ಆ ಕಾಲೇಜಿನ ಆಡಳಿತ ಅವರನ್ನು ಹುದ್ದೆಯಿಂದ ತೆಗೆಯಿತು. ವರ್ಷ ಮುಗಿಯುವ ಮೊದಲೇ ಕೆಲಸಗಾರರು ಸಭೆ ಸೇರಿ ಅವರಿಗೊಂದು ಬಿನ್ನವತ್ತಳೆ ಕೊಟ್ಟರು. ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದವರು ಕೆಲಸಗಾರರ ಕಾಲೇಜೊಂದರ ಪ್ರಾಂಶುಪಾಲರಾಗುವುದನ್ನು ಇಳಿಕೆಯೆಂದು ಎಣಿಸಲಾರರೆಂಬ ಆಶಯ ಅದರಲ್ಲಿತ್ತು. ವಿದ್ಯಾರ್ಥಿಗಳೇ ಪ್ರಾಂಶುಪಾಲರನ್ನು ಕರೆದು, ಆಮೇಲೆ ಕಾಲೇಜು ಹುಟ್ಟಿದ ಇಂಥ ಉದಾಹರಣೆ ನಮ್ಮ ಕಡೆ ನನಗೆ ತಿಳಿದ ಮಟ್ಟಿಗೆ ಇಲ್ಲ. 1854ರ ಅಕ್ಟೋಬರ್ 30ರಂದು ಸೇಂಟ್ ಮಾರ್ಟಿನ್ಸ್ ಹಾಲ್‌ನಲ್ಲಿ ಮಾರಿಸ್ ಉದ್ಘಾಟನಾ ಭಾಷಣ ಮಾಡಿದರು. ತರಗತಿಗಳು ರೆಡ್ ಲಯನ್ ಸ್ಕ್ವೇರಿನ 31ನೆಯ ನಂಬರಿನ ಮನೆಯಲ್ಲಿ ಆರಂಭವಾದವು. 1857ರಲ್ಲಿ ಕಾಲೇಜು ಗ್ರೇಟ್ ಆರ್ಮಂಡ್ ಸ್ಟ್ರೀಟಿಗೆ ಹೋಯಿತು. ನಾನು ಕಂಡ ಕ್ರೌನ್‌ಡೇಲ್ ರಸ್ತೆಯ ಕಟ್ಟಡಕ್ಕೆ ಬಂದದ್ದು 1905ರಲ್ಲಿ.

ದುಡಿಯುವವರಿಗೆ ಸಂಜೆ ಪಾಠ ಹೇಳುವ ಸಂಸ್ಥೆಗಳು ಆ ನಗರದಲ್ಲಿ ಮೊದಲೇ ಇರಲಿಲ್ಲವೆಂದಲ್ಲ. ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯರ ಮುಂದಾಳುತನದಲ್ಲಿ ಮೆಕ್ಯಾನಿಕ್‌ಗಳ ಸಂಸ್ಥೆ 1823ರಲ್ಲಿಯೇ ಹುಟ್ಟಿತ್ತು. ಇಂದಿಗೂ ಅದು ಬರ್ಕ್‌ಬೆಕ್ ಎಂಬ ಹೆಸರಿನಲ್ಲಿ ಲಂಡನ್ ವಿಶ್ವವಿದ್ಯಾಲಯದ ಭಾಗವಾಗಿ ಸಂಜೆ ತರಗತಿಗಳನ್ನು ನಡೆಸುತ್ತಿದೆ. ಅಲ್ಲಿನ ಒತ್ತು ಯಂತ್ರ, ರಸಾಯನ, ಗಣಿತಗಳ ಮೇಲೆ. ಕಸುಬಿಗೆ ಉಪಯೋಗವಾಗುವ ಜ್ಞಾನದ ಮೇಲೆ. ಮಾರಿಸ್ ಬೇರೆ ದಾರಿ ಹಿಡಿದರು. ಇತಿಹಾಸ, ರಾಜಕೀಯ, ಸಾಹಿತ್ಯ, ಚಿತ್ರಕಲೆ, ಲ್ಯಾಟಿನ್ ಮೊದಲಾದ ವಿಷಯಗಳನ್ನು, ಅಂದರೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಸಿರಿವಂತರ ಮಕ್ಕಳು ಓದುತ್ತಿದ್ದುದನ್ನೇ, ಬಡಗಿಗೂ ಗಡಿಯಾರ ರಿಪೇರಿಯವನಿಗೂ ಕೊಡಬೇಕೆಂದರು. ‘ಇನ್‌ಸ್ಟಿಟ್ಯೂಟ್’ ಎನ್ನದೆ ‘ಕಾಲೇಜು’ ಎಂದೇ ಕರೆಯಬೇಕೆಂದು ಹಟ ಹಿಡಿದದ್ದೂ ಇದಕ್ಕೇ. ಅವರ ಲೆಕ್ಕದಲ್ಲಿ ಕಾಲೇಜೆಂದರೆ ಪಾಠ ಕೊಳ್ಳುವ ಅಂಗಡಿಯಾಗಿರದೆ ಕಲಿಯುವವರೂ ಕಲಿಸುವವರೂ ಸೇರಿದ ಒಂದು ಕೂಟ. ಕಲಿಸುವವರಿಗೆ ಸಂಬಳವಿಲ್ಲ. ಕಲಿಯುವವರಲ್ಲಿ ಮುಂದೆ ಬಂದವರು ಅಲ್ಲಿಯೇ ಶಿಕ್ಷಕರೂ ಆಗಬಹುದು, ಆದರು ಕೂಡ.

ಮೊದಲ ಅವಧಿಗೆ ನೂರಕ್ಕೂ ಹೆಚ್ಚು ಜನ ಸೇರಿದರು. ವಯಸ್ಸು 16 ದಾಟಿರಬೇಕು. ಓದು ಬರಹ ಮತ್ತು ಗಣಿತದ ನಾಲ್ಕು ಮೂಲ ಲೆಕ್ಕಗಳು ಬರಬೇಕು. ಈ ಷರತ್ತು ಸಣ್ಣದೆಂದು ಕಾಣಬಹುದು. ಆದರೆ ಇಂಗ್ಲೆಂಡಿನಲ್ಲಿ ಎಲ್ಲೆಡೆ ಪ್ರಾಥಮಿಕ ಶಾಲೆ ಒದಗಿಸುವ ಶಾಸನವೇ ಬಂದದ್ದು 1870ರಲ್ಲಿ. ಹಡಗುಕಟ್ಟೆಯ ಹಮಾಲಿಯಾಗಲಿ ಇಟ್ಟಿಗೆ ಹೊರುವವನಾಗಲಿ ಈ ಹೊಸ್ತಿಲನ್ನು ದಾಟುವಂತಿರಲಿಲ್ಲ. ಬಂದವರು ಕುಶಲಕರ್ಮಿಗಳು, ಮತ್ತು ದಿನ ಕಳೆದಂತೆ ಹೆಚ್ಚು ಹೆಚ್ಚು ಗುಮಾಸ್ತರು. ಕೆಲಸಗಾರರಿಗೆಂದು ತೆರೆದ ಬಾಗಿಲಿನಲ್ಲಿ ಗುಮಾಸ್ತರು ತುಂಬಿಕೊಂಡರು ಎಂಬ ಕೊರಗು ಆ ಕಾಲೇಜಿನ ಇತಿಹಾಸದುದ್ದಕ್ಕೂ ಇದೆ. ನನಗೆ ಅದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಯಾವ ಯೋಜನೆಯೇ ಇರಲಿ, ಯಾರಿಗೆಂದು ಹೊರಡುತ್ತದೋ ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದವರ ಕೈಗೆ ಸಿಗುವುದನ್ನು ತಾಲ್ಲೂಕು ಕಚೇರಿಯ ಮುಂದೆ ನಿಂತ ಯಾರಾದರೂ ಬಲ್ಲರು.

ಪಾಠ ಹೇಳಿದವರ ಪಟ್ಟಿ ಮಾತ್ರ ಯಾವ ದೊಡ್ಡ ವಿಶ್ವವಿದ್ಯಾಲಯವೂ ಹೊಟ್ಟೆಕಿಚ್ಚು ಪಡಬೇಕಾದಂಥದು. ಕವಿ, ಚಿತ್ರಕಾರ ರೊಸೆಟ್ಟಿ ಚಿತ್ರಕಲೆ ಹೇಳಿಕೊಟ್ಟರು. ಕಾದಂಬರಿಕಾರ ಥಾಮಸ್ ಹ್ಯೂಸ್ ವೃತ್ತಿಯಿಂದ ವಕೀಲರಾದರೂ ಕಾಲೇಜಿನಲ್ಲಿ ಹೆಸರಾದದ್ದು ಮುಷ್ಟಿಯುದ್ಧ ಕಲಿಸಿದ್ದಕ್ಕೆ. 1872ರಲ್ಲಿ ಮಾರಿಸ್ ತೀರಿಕೊಂಡಾಗ ಪ್ರಾಂಶುಪಾಲರಾದವರೂ ಅವರೇ. ವ್ಯಾಕರಣ ಹೇಳುತ್ತಿದ್ದ ಫರ್ನಿವಾಲ್ ಎಂಬವರು ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಾಗಿ ಬೆಳೆದ ಕೆಲಸಕ್ಕೆ ಆರಂಭದ ವರ್ಷಗಳಲ್ಲಿ ಸಂಪಾದಕರಾಗಿದ್ದರು. ಅವರಿಗೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಭಾನುವಾರ ಊರಾಚೆ ನಡೆಯುವುದು, ದೋಣಿ ಹುಟ್ಟು ಹಾಕುವುದು, ಕುಣಿತ ಏರ್ಪಡಿಸುವುದು ಬಹಳ ಇಷ್ಟ. ಪಾದ್ರಿ ಮಾರಿಸ್ಸರಿಗೆ ಭಾನುವಾರದ ತಿರುಗಾಟ ಸರಿಬರಲಿಲ್ಲ, ಇಬ್ಬರಿಗೂ ಜಟಾಪಟಿಯಾಯಿತು. ಓದಿ ಸುಮ್ಮನೆ ನಕ್ಕೆ. ಇಂಥ ಜಗಳ ಹುಟ್ಟುವುದು ಒಟ್ಟಿಗೆ ಕುಳಿತು ಚಹಾ ಕುಡಿಯುವ ಕಡೆ ಮಾತ್ರ. 1902ರ ನಂತರ ಎರಡು ದಶಕಗಳಿಗೂ ಹೆಚ್ಚು ಕಾಲ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಅಲ್ಲಿ ಲ್ಯಾಟಿನ್ ಹೇಳಿಕೊಟ್ಟರು.

ರಸ್ಕಿನ್ ಅವರದು ಇವರೆಲ್ಲರಿಗಿಂತ ದೊಡ್ಡ ಅಧ್ಯಾಯ. ಕಾಲೇಜು ತೆರೆದ ವರ್ಷದಿಂದ ಸುಮಾರು ನಾಲ್ಕು ವರ್ಷ ಅವರು ಚಿತ್ರಕಲೆಯ ತರಗತಿ ನಡೆಸಿದರು. ಎಲೆ, ಕಲ್ಲು, ಮರದ ಕೊಂಬೆ ಮುಂತಾದುವನ್ನು ಮುಂದಿಟ್ಟು, ಅದರ ಮೇಲೆ ಬೆಳಕು ಬಿದ್ದದ್ದು ಎಲ್ಲಿ, ನೆರಳು ತಿರುಗಿದ್ದು ಎಲ್ಲಿ ಎಂದು ಮೊದಲು ನೋಡಲು ಕಲಿಸುತ್ತಿದ್ದರು. ಕೈ ತಿದ್ದುವುದು ಆಮೇಲೆ. 1857ರಲ್ಲಿ ಸರ್ಕಾರಿ ಆಯೋಗವೊಂದರ ಮುಂದೆ ಈ ತರಗತಿಯ ಬಗ್ಗೆ ಮಾತು ಬಂದಾಗ ಅವರು ಹೇಳಿದ ಉತ್ತರ ಪ್ರಸಿದ್ಧವಾಗಿದೆ: ತಮ್ಮ ಪ್ರಯತ್ನ ಬಡಗಿಯನ್ನು ಕಲಾವಿದನನ್ನಾಗಿ ಮಾಡುವುದಕ್ಕಲ್ಲ, ಅವನು ಬಡಗಿಯಾಗಿಯೇ ಹೆಚ್ಚು ಸಂತೋಷದಿಂದ ಇರುವಂತೆ ಮಾಡುವುದಕ್ಕೆ ಎಂದು.

ಈ ಒಂದು ವಾಕ್ಯ ನನ್ನನ್ನು ಬಹಳ ದಿನ ಕಾಡಿತು. ರಸ್ಕಿನ್ ಎಂದರೆ ನಮ್ಮವರಿಗೆ ಅಲಕ್ಷಿಸುವಂಥ ಹೆಸರಲ್ಲ. 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಅವರ ಪುಸ್ತಕವೊಂದನ್ನು ಓದಿದ ಗಾಂಧೀಜಿ ತಮ್ಮ ಬದುಕಿನ ರೀತಿಯನ್ನೇ ಬದಲಿಸಿಕೊಂಡರು. ‘ಸರ್ವೋದಯ’ ಎಂಬ ಮಾತು ಹುಟ್ಟಿದ್ದು ಆ ಓದಿನಿಂದ. 1927ರಲ್ಲಿ ಅವರು ಶಿವಮೊಗ್ಗಕ್ಕೆ ಬಂದಾಗ ಕಂಡ ನನ್ನ ಅಜ್ಜ, ಆ ಮಾತನ್ನು ಕೊನೆಯವರೆಗೂ ಉಚ್ಚರಿಸುತ್ತಿದ್ದರು. ಅಂಥ ರಸ್ಕಿನ್ನರ ವಾಕ್ಯವನ್ನು ಒಂದು ಕಡೆಯಿಂದ ನೋಡಿದರೆ, ಓದು ಎಂದರೆ ನೌಕರಿಯ ಏಣಿ ಎಂದು ತಿಳಿದ ನಮಗೆಲ್ಲ ಅದು ಮದ್ದು. ಕೈಯಿಂದ ದುಡಿಯುವವನ ಕಣ್ಣಿಗೂ ಮನಸ್ಸಿಗೂ ಊಟ ಬೇಕು, ಅದಕ್ಕೆ ಬೇರೆ ಕಾರಣ ಕೇಳಬಾರದು. ಇನ್ನೊಂದು ಕಡೆಯಿಂದ ನೋಡಿದರೆ, ಇದ್ದಲ್ಲೇ ಸಂತೋಷವಾಗಿರು ಎಂದು ಮೇಲೆ ಕುಳಿತವರು ಕೆಳಗಿನವರಿಗೆ ಯುಗಯುಗಗಳಿಂದ ಹೇಳಿಕೊಂಡು ಬಂದ ಮಾತೂ ಇದೇ. ನಮ್ಮ ಜಾತಿಪದ್ಧತಿಯ ಬಾಯಿಂದ ನಾವು ಅದನ್ನು ಕೇಳಿಲ್ಲವೇ? ಸ್ವತಃ ಅವರ ಶಿಷ್ಯ ಜಾರ್ಜ್ ಅಲೆನ್ ಬಡಗಿಯಾಗಿ ಉಳಿಯಲಿಲ್ಲ.

ಈಗ ನನ್ನ ತರಗತಿಯ ಕಥೆ.

ನಮ್ಮ ನಾಡಿನಲ್ಲಿ ವಯಸ್ಕರ ಶಿಕ್ಷಣ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ರಾತ್ರಿ ಶಾಲೆಗಳು ನಡೆದಿದ್ದವು. 1940ರ ದಶಕದಲ್ಲಿ ಮೈಸೂರಿನಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಅಕ್ಷರ ಕಲಿತವರಿಗೆಂದೇ ‘ಬೆಳಕು’ ಎಂಬ ವಾರಪತ್ರಿಕೆ ಹೊರಡಿಸುತ್ತಿತ್ತು. ಮುಂದೆ 1978ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್. 1990ರಲ್ಲಿ ಕೇರಳದ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದ ಮೇಲೆ ಎಲ್ಲ ಕಡೆಯೂ ಅದೇ ಹುರುಪು ಹಬ್ಬಿತು. ಹದಿನೈದರಿಂದ ಮೂವತ್ತೈದರ ವಯಸ್ಸಿನವರು, ಮೂರು ಭಾಗದ ಪಠ್ಯ, ಸಂಬಳವಿಲ್ಲದ ಸ್ವಯಂಸೇವಕರು. ಆಗ ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಊರಿನ ಅರ್ಧದಷ್ಟು ಮನೆಗಳು ಮುಳುಗಡೆಯವು. ಅಂದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಗದ್ದೆ ಮನೆ ಬಿಟ್ಟು ಬಂದವರವು. ಅವರ ಮನೆಗಳ ಅಟ್ಟದಲ್ಲಿ ತಗಡಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಜಮೀನಿನ ಕಾಗದ, ಆ ಕಾಗದವನ್ನು ಓದಲು ಬಾರದ ಜನ.

ಶಾಲೆಯಲ್ಲಿ ಸಂಜೆ ಏಳಕ್ಕೆ ತರಗತಿ ಎಂದು ಡಂಗುರ ಹೊಡೆಸಿದೆ. ಮೊದಲ ವಾರ ಇಪ್ಪತ್ತಮೂರು ಜನ ಬಂದರು. ಗಂಡಸರು ನಾಲ್ವರು, ಉಳಿದವರೆಲ್ಲ ಹೆಂಗಸರು. ಗಂಡಸರು ಎರಡನೆಯ ವಾರಕ್ಕೆ ಮಾಯವಾದರು. ಹೆಂಗಸರು ಬರುತ್ತಿದ್ದರು, ಆದರೆ ದೀಪಾವಳಿ ಕಳೆದು ಅಡಿಕೆ ಕೊಯ್ಲು ಆರಂಭವಾದ ಕೂಡಲೇ ಅವರೂ ನಿಂತರು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹಗಲಿಡೀ ಕೊನೆ ಇಳಿಯುತ್ತದೆ, ರಾತ್ರಿ ಸುಲಿಯಬೇಕು. ತಡವಾದರೆ ಅಡಿಕೆ ಕೆಡುತ್ತದೆ. ಊಟ ಮುಗಿಸಿದ ಹೆಂಗಸರು ತೋಟದ ಮನೆಯ ಅಂಗಳದ ಚಪ್ಪರದಡಿ ಸಾಲಾಗಿ ಕತ್ತಿ ಇಟ್ಟು ಕೂರುತ್ತಾರೆ. ಕೂಲಿ ಡಬ್ಬದ ಲೆಕ್ಕ: ಸುಲಿದ ಅಡಿಕೆ ಒಂದು ಡಬ್ಬ ತುಂಬಿದರೆ ಇಷ್ಟು ಎಂದು. ನಾನು ನಾಲ್ಕು ದಿನ ಖಾಲಿ ಶಾಲೆಯಲ್ಲಿ ಲಾಟೀನು ಹಚ್ಚಿಕೊಂಡು ಕುಳಿತೆ. ಐದನೆಯ ದಿನ ಬುದ್ಧಿ ಬಂತು; ಕಪ್ಪು ಹಲಗೆಯನ್ನು ಹೆಗಲಿಗೇರಿಸಿಕೊಂಡು ಚಪ್ಪರಕ್ಕೇ ಹೋದೆ.

ಮನೆಯ ಯಜಮಾನರು ಬೇಡವೆನ್ನಲಿಲ್ಲ. ಸುಲಿಯುವ ಕೈ ನಿಲ್ಲಬಾರದು ಎಂಬುದೊಂದೇ ಅವರ ಮಾತು. ಹಾಗಾಗಿ ಬರೆಯುವುದು ಸಾಧ್ಯವಿರಲಿಲ್ಲ. ನಾನು ಹಲಗೆಯ ಮೇಲೆ ದೊಡ್ಡದಾಗಿ ಒಂದು ಪದ ಬರೆದು ಗ್ಯಾಸ್‌ಲೈಟಿನ ಬೆಳಕಿಗೆ ಹಿಡಿಯುತ್ತಿದ್ದೆ. ಅವರು ಕತ್ತಿಯಿಂದ ಕಣ್ಣೆತ್ತಿ ಒಂದು ಕ್ಷಣ ನೋಡಿ, ಗಟ್ಟಿಯಾಗಿ ಹೇಳಿ, ಮತ್ತೆ ಕೈಗೆ ಕಣ್ಣು ಕೊಡುತ್ತಿದ್ದರು. ಕತ್ತಿಯ ಸದ್ದಿನ ನಡುವೆ ‘ತ’ಕ್ಕೂ ‘ಥ’ಕ್ಕೂ ವ್ಯತ್ಯಾಸ ತಿಳಿಸುವುದು ಸುಲಭವಿರಲಿಲ್ಲ. ನಡುವೆ ಚಹಾ ಬರುತ್ತಿತ್ತು. ಆ ಹತ್ತು ನಿಮಿಷ ಮಾತ್ರ ಅವರ ಕೈಗೆ ಪುಸ್ತಕ. ಹಸಿ ಅಡಿಕೆಯ ಒಗರು ಹಿಡಿದ ಬೆರಳುಗಳು ಪುಟದ ಬಲಗಡೆ ಕೆಳಮೂಲೆಯನ್ನು ಮುಟ್ಟಿದಲ್ಲೆಲ್ಲ ಕಂದು ಗುರುತು ಬೀಳುತ್ತಿತ್ತು. ತಿಂಗಳು ಕಳೆಯುವುದರೊಳಗೆ ಪುಸ್ತಕ ನೋಡಿಯೇ ಯಾರು ಎಷ್ಟು ಪಾಠ ಓದಿದ್ದಾರೆಂದು ಹೇಳಬಹುದಾಗಿತ್ತು: ಗುರುತು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ.

ಪಠ್ಯದ ಪಾಠಗಳು ಒಣಒಣ. ಬೇಸರ ಕಳೆಯಲು ನಾನು ಮಹಾಭಾರತದ ಕಥೆಗಳನ್ನು ಓದಿ ಹೇಳಲು ಶುರು ಮಾಡಿದೆ. ಒಂದು ರಾತ್ರಿ ಕರ್ಣಾರ್ಜುನರ ಕಾಳಗ ಓದುತ್ತಾ, ಹೊತ್ತಾಯಿತೆಂದು ನಡುವೆ ಒಂದಿಷ್ಟು ಹಾರಿಸಿದೆ. ಮೂಲೆಯಲ್ಲಿ ಕುಳಿತಿದ್ದ, ವಯಸ್ಸು ಮೂವತ್ತೈದನ್ನು ಎಂದೋ ದಾಟಿದ್ದರಿಂದ ನನ್ನ ಪಟ್ಟಿಯಲ್ಲಿ ಹೆಸರೇ ಇರದಿದ್ದ ಅಮ್ಮನೊಬ್ಬಳು ತಲೆ ಎತ್ತದೆಯೇ ಕೇಳಿದಳು: “ಮಾಷ್ಟ್ರೇ, ಬಾಣ ಮತ್ತೆ ಹೂಡು ಅಂತ ಶಲ್ಯ ಹೇಳ್ತಾನಲ್ಲ, ಅದನ್ನ ಬಿಟ್ರಾ?” ಮೇಳದ ಆಟಗಳನ್ನು ಬೆಳಗಿನವರೆಗೆ ಕುಳಿತು ನೋಡಿದ ಆಕೆಗೆ ಪ್ರಸಂಗಕ್ಕೆ ಪ್ರಸಂಗವೇ ಬಾಯಲ್ಲಿತ್ತು. ಮರುದಿನದಿಂದ ನಾನು ಓದುವುದು, ಆಕೆ ತಿದ್ದುವುದು ಎಂದಾಯಿತು.

ಲಂಡನ್ನಿನ ಕಾಲೇಜಿನ ಚರಿತ್ರೆಯನ್ನು ಓದುವಾಗ ಈ ಅಮ್ಮ ನೆನಪಾಗಲು ಒಂದು ಕಾರಣವಿದೆ. 1883ರಿಂದ ಅಲ್ಲಿನ ಪ್ರಾಂಶುಪಾಲರಾಗಿದ್ದ ಸರ್ ಜಾನ್ ಲಬಕ್ ವೃತ್ತಿಯಿಂದ ಬ್ಯಾಂಕರ್, ಹವ್ಯಾಸದಿಂದ ಇರುವೆಗಳ ಅಧ್ಯಯನಕಾರ, ಪಾರ್ಲಿಮೆಂಟಿನಲ್ಲಿ 1871ರಲ್ಲಿ ಬ್ಯಾಂಕ್ ರಜೆಯ ಕಾನೂನು ತಂದವರು. 1886ರಲ್ಲಿ ಅವರು ಕಾಲೇಜಿನ ಕೆಲಸಗಾರರ ಮುಂದೆ, ಮನುಷ್ಯ ಓದಲೇಬೇಕಾದ ಸುಮಾರು ನೂರು ಪುಸ್ತಕಗಳ ಪಟ್ಟಿಯೊಂದನ್ನು ಇಟ್ಟರು. ಅದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಪಟ್ಟಿಯಲ್ಲಿ ನಮ್ಮ ರಾಮಾಯಣ, ಮಹಾಭಾರತ, ಶಾಕುಂತಲಗಳಿಗೂ ಜಾಗವಿತ್ತು. ಅಲ್ಲಿಯ ಗುಮಾಸ್ತ ಪಟ್ಟಿ ಹಿಡಿದು ಗ್ರಂಥಾಲಯದಲ್ಲಿ ಹುಡುಕಿ ಸಂಗ್ರಹರೂಪದಲ್ಲಿ ಓದಬೇಕಾಗಿದ್ದುದು, ಇಲ್ಲಿ ಅಕ್ಷರ ಬಾರದ ಸುಲಿಗೆಯವಳ ನಾಲಿಗೆಯ ಮೇಲೆ ಇತ್ತು. ಅನಕ್ಷರಸ್ಥೆ ಎಂಬ ನಮೂನೆಯ ಕಾಲಮ್ಮಿನಲ್ಲಿ ಆಕೆಯನ್ನು ಸೇರಿಸಲೂ ನನಗೆ ಮನಸ್ಸು ಬರಲಿಲ್ಲ, ವಯಸ್ಸಿನ ಕಾರಣಕ್ಕೆ ಸೇರಿಸುವಂತೆಯೂ ಇರಲಿಲ್ಲ.

ಹೆಂಗಸರ ವಿಷಯದಲ್ಲಿ ಆ ಕಾಲೇಜಿನ ದಾಖಲೆ ಅಷ್ಟೇನೂ ಹೊಗಳುವಂತಿಲ್ಲ. ಮಾರಿಸ್ 1848ರಲ್ಲಿಯೇ ಹಾರ್ಲೆ ಸ್ಟ್ರೀಟಿನಲ್ಲಿ ಹುಡುಗಿಯರ ಉನ್ನತ ಶಿಕ್ಷಣಕ್ಕೆಂದು ಕ್ವೀನ್ಸ್ ಕಾಲೇಜನ್ನು ಕಟ್ಟಿದವರು. ಆದರೂ ದುಡಿಯುವವರ ಕಾಲೇಜಿನಲ್ಲಿ ಮಹಿಳೆಯರಿಗೆಂದು ಆರಂಭದಲ್ಲಿ ನಡೆದ ಕೆಲವು ಪ್ರತ್ಯೇಕ ತರಗತಿಗಳು ಬೇಗನೆ ನಿಂತುಹೋದವು. ಎಲಿಜಬೆತ್ ಮ್ಯಾಲ್‌ಸನ್ ಎಂಬಾಕೆ 1864ರಲ್ಲಿ ಕ್ವೀನ್ ಸ್ಕ್ವೇರಿನಲ್ಲಿ ದುಡಿಯುವ ಮಹಿಳೆಯರ ಕಾಲೇಜನ್ನು ಬೇರೆಯಾಗಿಯೇ ತೆರೆಯಬೇಕಾಯಿತು. ಗಂಡಸರೂ ಹೆಂಗಸರೂ ಕೂಡಿಯೇ ಓದಬೇಕೆಂಬುದು ಆಕೆಯ ನಿಲುವು. 1874ರಲ್ಲಿ ಅದನ್ನು ಮಿಶ್ರ ಕಾಲೇಜಾಗಿ ಬದಲಿಸಿದಾಗ, ಹೆಂಗಸರಿಗೆ ಹೆಂಗಸರದೇ ಜಾಗ ಬೇಕೆಂದು ಫ್ರಾನ್ಸೆಸ್ ಮಾರ್ಟಿನ್ ಹೊರಬಂದು ಇನ್ನೊಂದನ್ನು ಕಟ್ಟಿದರು. ಮಿಶ್ರ ಕಾಲೇಜು 1901ರಲ್ಲಿ ಮುಚ್ಚಿತು. ಮಾರ್ಟಿನ್ ಅವರದು ಬಾಳಿತು. 1966ರಲ್ಲಿ ಗಂಡಸರ ಕಾಲೇಜಿನೊಂದಿಗೆ ಸೇರಿಕೊಂಡಿತು. ಹುಟ್ಟಿ ನೂರು ವರ್ಷ ದಾಟಿದ ಮೇಲೆ ಆ ಬಾಗಿಲು ಹೆಂಗಸರಿಗೆ ತೆರೆಯಿತು. ಈಗ ಸಂಸ್ಥೆ ತನ್ನ ಹೆಸರನ್ನು ‘ಡಬ್ಲ್ಯೂ.ಎಂ. ಕಾಲೇಜ್’ ಎಂದು ಚಿಕ್ಕದು ಮಾಡಿಕೊಂಡಿದೆ. ಇನಿಷಿಯಲ್ಲಿನೊಳಗೆ ಅಜ್ಜನ ಹೆಸರು ಅಡಗಿಸುವ ನಮ್ಮ ಪದ್ಧತಿಯೇ ಇದು ಎಂದುಕೊಂಡೆ.

ನನ್ನ ತರಗತಿಯ ಕೊನೆಯ ಭಾಗವನ್ನು ಹೇಳಲು ಸ್ವಲ್ಪ ಸಂಕೋಚ. ಮಾರ್ಚ್ ಹೊತ್ತಿಗೆ ಮೇಲಿನಿಂದ ನಮೂನೆ ಬಂತು: ಎಷ್ಟು ಜನ ಸೇರಿದರು, ಎಷ್ಟು ಜನ ಮೂರನೆಯ ಭಾಗ ಮುಗಿಸಿದರು. ಮುಗಿಸಿದವರು, ಅಂದರೆ ಪುಟ ಕೊಟ್ಟರೆ ತಡವರಿ ತಡವರಿಯಾದರೂ ಓದುವವರು, ಒಂಬತ್ತು ಜನ. ನಾನು ಇಪ್ಪತ್ತಮೂರು ಎಂದು ಬರೆದೆ. ಪಕ್ಕದ ಊರಿನ ಅಂಕಿಗಳೆಲ್ಲ ನೂರಕ್ಕೆ ನೂರಿದ್ದವು. ಒಂಬತ್ತು ಎಂದು ಬರೆದರೆ ಕೆಲಸ ಮಾಡದ ಮೇಷ್ಟ್ರು ನಾನೊಬ್ಬನೇ ಆಗುತ್ತಿದ್ದೆ. ಪರಿಶೀಲನೆಗೆ ಬಂದವರು ಸಹಿ ಹಾಕಲು ಬರುತ್ತದೆಯೇ ಎಂದಷ್ಟೇ ನೋಡಿದರು, ಇಪ್ಪತ್ತಮೂರೂ ಜನ ಸಹಿ ಹಾಕಿದರು, ಫೋಟೋ ತೆಗೆದರು. ಹೆಬ್ಬೆಟ್ಟಿನ ಬದಲು ಸಹಿ ಎಂಬುದನ್ನೇ ಗುರಿಯೆಂದು ಹಿಡಿದದ್ದರಿಂದ ಎಷ್ಟೋ ಕಡೆ ಸಹಿಯೊಂದು ಚಿತ್ರದಂತೆ ಕೈಗೆ ಬಂದು, ಉಳಿದ ಅಕ್ಷರಗಳು ಮುಂದಿನ ಮಳೆಗಾಲಕ್ಕೆ ತೊಳೆದುಹೋದವು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 80ನ್ನು ದಾಟಿತೆಂದು ಪತ್ರಿಕೆಯಲ್ಲಿ ಓದಿದಾಗ, ಅದರಲ್ಲಿ ಬಹುಪಾಲು ಶಾಲೆಗೆ ಹೋದ ಮಕ್ಕಳು ಬೆಳೆದು ನಿಂತದ್ದರ ಫಲ ಎಂದು ಗೊತ್ತಿದ್ದೂ, ನನ್ನ ಆ ಹದಿನಾಲ್ಕು ಸುಳ್ಳು ಹೆಸರುಗಳು ಕಣ್ಣ ಮುಂದೆ ಬಂದವು.

ಒಂಬತ್ತು ಜನರ ವಿಷಯ ಬೇರೆ. ಅವರಲ್ಲಿ ಒಬ್ಬಳು, ಇಪ್ಪತ್ತೈದರ ಆಸುಪಾಸಿನ ಸೊಸೆ, ಅಕ್ಷರಕ್ಕಿಂತ ಲೆಕ್ಕದಲ್ಲಿ ಚುರುಕು. ಯಾರು ಎಷ್ಟು ಡಬ್ಬ ಸುಲಿದರೆಂದು ಅವಳೇ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಗೀರು ಹಾಕಿಕೊಳ್ಳತೊಡಗಿದಳು. ಕೊಯ್ಲು ಮುಗಿದಾಗ ಅವಳ ಗೀರುಗಳೂ ಯಜಮಾನರ ಪುಸ್ತಕವೂ ಸರಿಹೊಂದಿದವು. ಒಂದು ಡಬ್ಬವೂ ಆಚೀಚೆ ಇರಲಿಲ್ಲ. ಆಗ ಅವಳು ನನ್ನನ್ನು ಕೇಳಿದ ಪ್ರಶ್ನೆಗೆ ನನ್ನ ಮೂರು ಭಾಗದ ಪಠ್ಯದಲ್ಲಿ ಉತ್ತರವಿರಲಿಲ್ಲ. “ಲೆಕ್ಕ ಸರಿ ಉಂಟು ಮಾಷ್ಟ್ರೇ. ಆದ್ರೆ ಈ ಡಬ್ಬ ಎಷ್ಟು ಹಿಡಿಯೋದು ಅಂತ ಎಲ್ಲಿ ಬರ್ದಿದೆ?” ಡಬ್ಬದ ಮೈ ವರ್ಷಗಟ್ಟಲೆ ಬಳಸಿ ಹೊಟ್ಟೆ ಬಂದಂತೆ ಉಬ್ಬಿತ್ತು. ಬೇಕೆಂದು ಉಬ್ಬಿಸಿದ್ದೋ ತಾನಾಗಿ ಉಬ್ಬಿದ್ದೋ ನಾನು ಹೇಳಲಾರೆ. ಮರುವರ್ಷದ ಸುಲಿಗೆಗೆ ಹೆಂಗಸರು ಹೊಸ ಡಬ್ಬವೊಂದನ್ನು ತಾವೇ ತಂದು ಚಪ್ಪರದಲ್ಲಿಟ್ಟರು. ಯಜಮಾನರು ಅದನ್ನು ಎತ್ತಿ, ತಿರುಗಿಸಿ ನೋಡಿ, ಏನೂ ಹೇಳದೆ ಅಲ್ಲೇ ಇಟ್ಟರು.

ಆಕೆ ಇಂದಿಗೂ ಅಡಿಕೆ ಸುಲಿಯುತ್ತಾಳೆ. ಅಕ್ಷರ ಕಲಿತದ್ದರಿಂದ ಹೆಚ್ಚು ಸಂತೋಷದ ಸುಲಿಗೆಯವಳಾದಳೇ ಎಂದು ರಸ್ಕಿನ್ ಕೇಳಿದರೆ, ಸಂತೋಷದ ವಿಷಯ ನನಗೆ ತಿಳಿಯದು, ಡಬ್ಬ ಬದಲಾಯಿತು ಎಂದು ಹೇಳುತ್ತೇನೆ. ಈಗ ಸುಲಿಯುವ ಯಂತ್ರಗಳೂ ಬಂದಿವೆ. ರಾತ್ರಿಯ ಚಪ್ಪರಗಳು ಕಡಿಮೆಯಾಗುತ್ತಿವೆ.

ಮೊನ್ನೆ ಮಳೆ ಜೋರಾಗಿ ತುಂಗೆ ತುಂಬಿ ಹರಿಯುತ್ತಿದ್ದ ಸಂಜೆ ಮಗಳು ಫೋನು ಮಾಡಿದ್ದಳು. ಮನೆಯ ಹತ್ತಿರದ ಅದೇ ಕಾಲೇಜಿನಲ್ಲಿ ಸಂಜೆಯ ಕುಂಬಾರಿಕೆ ತರಗತಿಗೆ ಸೇರಿದ್ದಾಳಂತೆ. ಹಗಲಿಡೀ ಕಂಪ್ಯೂಟರಿನ ಮುಂದೆ ಕುಳಿತು ಬೆರಳ ತುದಿ ಬಿಟ್ಟು ಬೇರೇನೂ ಅಲ್ಲಾಡದ ಕೆಲಸ, ಅದಕ್ಕೆ ಮಣ್ಣು ಕಲಸಬೇಕು ಅನ್ನಿಸಿತು ಎಂದಳು. ತನ್ನ ಪಕ್ಕದ ತಿಗರಿಯಲ್ಲಿ ಕೂರುವವರು ನಿವೃತ್ತ ಬಸ್ ಚಾಲಕರಂತೆ, ಅವರ ಮಡಕೆಗಳು ತನ್ನವಕ್ಕಿಂತ ಚೆನ್ನಾಗಿ ಬರುತ್ತವಂತೆ. ಆಮೇಲೆ ತನ್ನ ಮೊದಲ ಮಡಕೆಯ ಫೋಟೋ ಕಳಿಸಿದಳು. ಒಂದು ಕಡೆಗೆ ವಾಲಿದೆ, ಬಾಯಿ ಅಂಕುಡೊಂಕು. ನಾನು ಕನ್ನಡಕ ಏರಿಸಿ ನೋಡುತ್ತಿದ್ದಾಗ ನನ್ನ ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, ಉಪ್ಪು ಹಾಕಿಡಲು ಅಡ್ಡಿಯಿಲ್ಲ, ಬರುವಾಗ ತರಲು ಹೇಳಿ ಎಂದಳು.